ಗುರಾಣಿ ಏನು ಹೇಳುತ್ತಿದೆ? ಟ್ರ್ಯಾಕರ್ ತಡೆಯಲು ಬ್ರೌಸರ್ ಸಜ್ಜುಮಾಡಿ, ಅದರ ಮಾತು ಓದುವ ಬಗೆ

ಕೆಲವು ದಿನಗಳ ಹಿಂದೆ ಆನ್‌ಲೈನಿನಲ್ಲಿ ಒಂದು ಅರ್ಜಿ ತುಂಬುತ್ತಾ ಕೂತಿದ್ದೆ. ಎಲ್ಲ ವಿವರ ತುಂಬಿ, ಕೊನೆಯ ಬಟನ್ ಒತ್ತಿದರೆ ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಪುಟ ರಿಫ್ರೆಶ್ ಮಾಡಿ ಮೊದಲಿನಿಂದ ತುಂಬಿದೆ. ವೈಫೈ ಆರಿಸಿ ಹಾಕಿದೆ. ಒಂದು ಗಂಟೆ ಹೋಯಿತು. ಸೈಟ್ ಮಾಡಿದವರನ್ನು ಬೈದುಕೊಂಡು ಎದ್ದು ಹೋಗುವ ಹೊತ್ತಿಗೆ ಬ್ರೌಸರ್‌ನ ಮೇಲ್ಗಡೆಯ ವಿಳಾಸ ಪಟ್ಟಿಯ (ಅಡ್ರೆಸ್ ಬಾರ್) ಕಡೆ ಕಣ್ಣು ಹೋಯಿತು. ‘ಈ ಪುಟದಲ್ಲಿ ಏನನ್ನೋ ತಡೆದಿದ್ದೇನೆ’ ಅಂತ ಅಲ್ಲೊಂದು ಪುಟ್ಟ ಗುರಾಣಿ ಮೊದಲಿನಿಂದಲೂ ಹೇಳುತ್ತಲೇ ಇತ್ತು. ನಾನೇ ಓದಿರಲಿಲ್ಲ.

ಟ್ರ್ಯಾಕರ್, ಅಂದರೆ ನಾವು ಯಾವ ಯಾವ ಸೈಟಿಗೆ ಹೋಗುತ್ತೇವೆ ಅಂತ ಹಿಂಬಾಲಿಸಿ ನೋಡುವ ಗೂಢಚಾರ. ಅದನ್ನು ತಡೆಯುವುದು ಹೇಗೆ ಅಂತ ಕೇಳಿದರೆ ಹೆಚ್ಚಿನವರು ‘ಈ ಬಟನ್ ಆನ್ ಮಾಡಿ’ ಅಂತ ಹೇಳಿ ಕೈತೊಳೆದುಕೊಳ್ಳುತ್ತಾರೆ. ಅದು ಅರ್ಧ ಕೆಲಸ ಅಷ್ಟೇ. ಬ್ರೌಸರ್ ಏನನ್ನು ತಡೆಯಿತು, ಏನನ್ನು ಬಿಟ್ಟಿತು, ಅದನ್ನು ನಮಗೆ ಯಾವ ಮಾತಿನಲ್ಲಿ ಹೇಳುತ್ತಿದೆ, ಸೈಟಿಗೆ ಏನು ಹೇಳುತ್ತಿದೆ ಎನ್ನುವುದು ಉಳಿದರ್ಧ. ಅದು ಗೊತ್ತಿಲ್ಲದಿದ್ದರೆ ಎರಡು ತಪ್ಪು ಆಗುತ್ತದೆ. ಒಂದೋ ದೊಡ್ಡ ಸಂಖ್ಯೆ ನೋಡಿ ‘ನಾನು ಸೇಫ್’ ಅಂದುಕೊಳ್ಳುತ್ತೇವೆ. ಇಲ್ಲವೇ ಒಂದು ಪುಟ ಕೆಟ್ಟಿತು ಅಂತ ಎಲ್ಲವನ್ನೂ ಆಫ್ ಮಾಡಿ ಮರೆತುಬಿಡುತ್ತೇವೆ. ಆ ಎರಡನೆಯದನ್ನು ನಾನೂ ಮಾಡಿದ್ದೇನೆ.

ಮೊದಲು, ಯಾರು ನೋಡುತ್ತಿದ್ದಾರೆ?

ನೀವು ಒಂದು ಸುದ್ದಿ ಸೈಟ್ ತೆರೆದಿರಿ ಎನ್ನೋಣ. ಪುಟದ ಬರಹ, ಚಿತ್ರ ಆ ಸೈಟಿನ ಸರ್ವರ್‌ನಿಂದಲೇ ಬರುತ್ತದೆ. ಆದರೆ ಅದೇ ಪುಟದೊಳಗೆ ಇನ್ನೂ ಹತ್ತಾರು ಕಡೆಯಿಂದ ಸಾಮಾನು ಬರುತ್ತಿರುತ್ತದೆ. ಜಾಹೀರಾತು ಒಂದು ಕಂಪನಿಯದು, ಓದುಗರ ಲೆಕ್ಕ ಇಡುವ ಸ್ಕ್ರಿಪ್ಟ್ (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂ) ಇನ್ನೊಂದರದು, ಲೈಕ್ ಬಟನ್ ಮತ್ತೊಂದರದು. ಕೆಲವು ಸಲ ಕಣ್ಣಿಗೇ ಕಾಣದ ಒಂದು ಚುಕ್ಕೆಯಷ್ಟು ಚಿತ್ರ ಇರುತ್ತದೆ. ಅದಕ್ಕೆ ಟ್ರ್ಯಾಕಿಂಗ್ ಪಿಕ್ಸೆಲ್ ಅಂತಾರೆ. ನೀವು ಬಂದ ವಿಷಯ ಅತ್ತ ತಲುಪಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ.

ಇಲ್ಲಿ ಕುಕೀ ಬರುತ್ತದೆ, ಅಂದರೆ ಸೈಟ್ ನಿಮ್ಮ ಬ್ರೌಸರ್‌ನಲ್ಲಿ ಇಟ್ಟುಹೋಗುವ ಪುಟ್ಟ ಗುರುತಿನ ಚೀಟಿ. 1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಲೂ ಮೊಂಟುಲಿ ಇದನ್ನು ರೂಪಿಸಿದಾಗ ಉದ್ದೇಶ ಸರಳವಾಗಿತ್ತು. ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಸೈಟಿಗೆ ನಿಮ್ಮ ನೆನಪು ಉಳಿಯಬೇಕು, ಅಷ್ಟೇ. ಆದರೆ ಪುಟದೊಳಗೆ ಬಂದ ಮೂರನೆಯವರೂ ಕುಕೀ ಇಡಬಹುದು ಅಂತಾದಾಗ ಕತೆ ಬದಲಾಯಿತು. ಸುದ್ದಿ ಸೈಟಿನಲ್ಲೂ ಅಂಗಡಿ ಸೈಟಿನಲ್ಲೂ ಆರೋಗ್ಯದ ಸೈಟಿನಲ್ಲೂ ಒಂದೇ ಜಾಹೀರಾತು ಕಂಪನಿ ಕೂತಿದ್ದರೆ, ಮೂರೂ ಕಡೆ ಅದಕ್ಕೆ ಒಂದೇ ಗುರುತು ಸಿಗುತ್ತದೆ. ನೀವು ಮೂರು ಕಡೆ ಹೋದ ಸುದ್ದಿ ಒಂದೇ ಖಾತೆಯಲ್ಲಿ ಜಮಾ ಆಗುತ್ತದೆ.

ಇಷ್ಟು ತಿಳಿದರೆ ಮುಂದಿನದೆಲ್ಲ ಸುಲಭ. ಬ್ರೌಸರ್ ಮಾಡುವ ಕೆಲಸವೆಲ್ಲ ಈ ಮೂರನೆಯವರ ಸುತ್ತಲೇ ಇದೆ.

‘ತಡೆದೆ’ ಅನ್ನುವ ಒಂದೇ ಮಾತು, ಅರ್ಥ ಹಲವು

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಗೊಂದಲ ಎಲ್ಲ ಹುಟ್ಟುವುದು ಇಲ್ಲೇ.

ಒಂದನೆಯ ಬಗೆ, ಕೋರಿಕೆಯನ್ನೇ ಕತ್ತರಿಸುವುದು. ಪುಟವು ‘ಆ ಟ್ರ್ಯಾಕರ್ ಸರ್ವರ್‌ನಿಂದ ಈ ಸ್ಕ್ರಿಪ್ಟ್ ತಾ’ ಅನ್ನುತ್ತದೆ. ಬ್ರೌಸರ್ ತನ್ನ ಹತ್ತಿರ ಇರುವ ಹೆಸರುಗಳ ಪಟ್ಟಿ ನೋಡುತ್ತದೆ. ಹೆಸರು ಇದ್ದರೆ ಕೇಳುವುದೇ ಇಲ್ಲ. ಅತ್ತ ಕಡೆ ನಿಮ್ಮ ಐಪಿ ವಿಳಾಸವೂ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ಸಂಖ್ಯೆ) ಹೋಗುವುದಿಲ್ಲ. ಬ್ರೇವ್ ಬ್ರೌಸರ್, ಯುಬ್ಲಾಕ್ ಆರಿಜಿನ್‌ನಂಥ ಎಕ್ಸ್‌ಟೆನ್ಷನ್‌ಗಳು (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಸಾಧನಗಳು) ಮಾಡುವುದು ಇದನ್ನೇ. ಫೈರ್‌ಫಾಕ್ಸ್‌ನ ‘ಸ್ಟ್ರಿಕ್ಟ್’ ಮಟ್ಟದಲ್ಲೂ ಇದು ನಡೆಯುತ್ತದೆ. ಫೈರ್‌ಫಾಕ್ಸ್ ಮತ್ತು ಎಡ್ಜ್ ಎರಡೂ ಬಳಸುವುದು ಡಿಸ್‌ಕನೆಕ್ಟ್ ಎಂಬ ಕಂಪನಿ ತಯಾರಿಸುವ ಪಟ್ಟಿಗಳನ್ನು.

ಎರಡನೆಯ ಬಗೆ, ಬಾಗಿಲು ತೆರೆದು ಕುಕೀ ಮಾತ್ರ ಕೊಡದಿರುವುದು. ಸ್ಕ್ರಿಪ್ಟ್ ಬರುತ್ತದೆ, ಓಡುತ್ತದೆ. ಆದರೆ ಹಳೆಯ ಗುರುತು ಅದರ ಕೈಗೆ ಸಿಗುವುದಿಲ್ಲ. ಸಫಾರಿ 2020ರ ಮಾರ್ಚ್‌ನಿಂದ ಮೂರನೆಯವರ ಕುಕೀಗಳನ್ನೆಲ್ಲ ಹೀಗೆ ತಡೆಯುತ್ತಿದೆ. ಅದಕ್ಕೆ ಬೀಜ ಬಿದ್ದದ್ದು 2017ರಲ್ಲಿ, ಇಂಟೆಲಿಜೆಂಟ್ ಟ್ರ್ಯಾಕಿಂಗ್ ಪ್ರಿವೆನ್ಷನ್ ಎಂಬ ಹೆಸರಿನಲ್ಲಿ.

ಮೂರನೆಯ ಬಗೆ ನನಗೆ ತುಂಬಾ ಇಷ್ಟ: ಪ್ರತಿ ಸೈಟಿಗೂ ಬೇರೆ ಬೇರೆ ಕುಕೀ ಡಬ್ಬಿ. ಜಾಹೀರಾತು ಕಂಪನಿ ಸುದ್ದಿ ಸೈಟಿನಲ್ಲಿ ಕುಕೀ ಇಡಲಿ, ಬೇಡ ಅನ್ನುವುದಿಲ್ಲ. ಆದರೆ ಅದು ಸುದ್ದಿ ಸೈಟಿನ ಡಬ್ಬಿಯಲ್ಲೇ ಉಳಿಯುತ್ತದೆ. ಅಂಗಡಿ ಸೈಟಿಗೆ ಹೋದರೆ ಅಲ್ಲಿ ಖಾಲಿ ಡಬ್ಬಿ. ಕಂಪನಿಗೆ ನೀವು ಹೊಸಬರು. ಫೈರ್‌ಫಾಕ್ಸ್ ಇದನ್ನು ‘ಟೋಟಲ್ ಕುಕೀ ಪ್ರೊಟೆಕ್ಷನ್’ ಅಂತ ಕರೆಯುತ್ತದೆ. 2021ರಲ್ಲಿ ಸ್ಟ್ರಿಕ್ಟ್ ಮಟ್ಟಕ್ಕೆ ಬಂತು, 2022ರ ಜೂನ್‌ನಲ್ಲಿ ಎಲ್ಲರಿಗೂ ತಾನಾಗಿಯೇ ಆನ್ ಆಯಿತು. ಯಾರು ಟ್ರ್ಯಾಕರ್, ಯಾರು ಅಲ್ಲ ಅಂತ ಪಟ್ಟಿ ನೋಡುವ ಗೋಜೇ ಇಲ್ಲ ಎನ್ನುವುದು ಇದರ ಜಾಣತನ. ಸೈಟುಗಳೂ ಅಷ್ಟು ಸುಲಭಕ್ಕೆ ಕೆಡುವುದಿಲ್ಲ.

ನಾಲ್ಕನೆಯದು, ಸುಳ್ಳು ಅಥವಾ ಮಸುಕಾದ ವಿವರ ಕೊಡುವುದು. ಅದು ಫಿಂಗರ್‌ಪ್ರಿಂಟಿಂಗ್ ವಿಷಯ, ಅಂದರೆ ಕುಕೀ ಇಲ್ಲದೆ ನಿಮ್ಮ ಸಾಧನದ ಲಕ್ಷಣಗಳಿಂದಲೇ ನಿಮ್ಮನ್ನು ಗುರುತಿಸುವುದು. ಮುಂದೆ ಬರುತ್ತದೆ.

ಈಗ ನೋಡಿ, ಈ ನಾಲ್ಕಕ್ಕೂ ಬ್ರೌಸರ್‌ಗಳು ‘ತಡೆದೆ’ ಅಂತಲೇ ಹೇಳುತ್ತವೆ. 2020ರಲ್ಲಿ ಸಫಾರಿ 14 ‘ಪ್ರೈವಸಿ ರಿಪೋರ್ಟ್’ ತಂದಾಗ ಇದೇ ಎಡವಟ್ಟಾಯಿತು. ವರದಿಯ ಪಟ್ಟಿಯಲ್ಲಿ, ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನ ಹೆಸರು ಕಂಡ ಕೂಡಲೇ, ಸಫಾರಿ ಅದನ್ನು ಪೂರ್ತಿ ನಿಲ್ಲಿಸಿಬಿಟ್ಟಿತು ಅಂತ ಸುದ್ದಿ ಹಬ್ಬಿತು. ನಿಜವಾಗಿ ಆ ಸ್ಕ್ರಿಪ್ಟ್ ಎಂದಿನಂತೆ ಓಡುತ್ತಲೇ ಇತ್ತು. ಸೈಟುಗಳನ್ನು ದಾಟಿ ಹಿಂಬಾಲಿಸುವ ದಾರಿ ಮಾತ್ರ ಮುಚ್ಚಿತ್ತು. ವರದಿ ಸುಳ್ಳು ಹೇಳಿರಲಿಲ್ಲ. ಆದರೆ ಓದಿದವರಿಗೆ ಬೇರೆಯೇ ಕೇಳಿಸಿತು.

ಹಂತ 1: ನಿಮ್ಮ ಬ್ರೌಸರ್ ಈಗ ಯಾವ ಮಟ್ಟದಲ್ಲಿದೆ ನೋಡಿ

ಮೆನು ಹೆಸರುಗಳು ಆವೃತ್ತಿಯಿಂದ ಆವೃತ್ತಿಗೆ ಒಂಚೂರು ಆಚೀಚೆ ಆಗುತ್ತವೆ. ಸಿಗದಿದ್ದರೆ ಸೆಟ್ಟಿಂಗ್ಸ್ ಒಳಗಿನ ಹುಡುಕು ಜಾಗದಲ್ಲಿ ‘ಟ್ರ್ಯಾಕಿಂಗ್’ ಅಥವಾ ‘ಕುಕೀ’ ಅಂತ ಟೈಪ್ ಮಾಡಿ.

ಫೈರ್‌ಫಾಕ್ಸ್: ಸೆಟ್ಟಿಂಗ್ಸ್, ಅಲ್ಲಿಂದ ಪ್ರೈವಸಿ ಅಂಡ್ ಸೆಕ್ಯುರಿಟಿ. ‘ಎನ್‌ಹಾನ್ಸ್‌ಡ್ ಟ್ರ್ಯಾಕಿಂಗ್ ಪ್ರೊಟೆಕ್ಷನ್’ ಕೆಳಗೆ ಸ್ಟ್ಯಾಂಡರ್ಡ್, ಸ್ಟ್ರಿಕ್ಟ್, ಕಸ್ಟಮ್ ಎಂಬ ಆಯ್ಕೆಗಳಿವೆ. ಸ್ಟ್ಯಾಂಡರ್ಡ್ ಮಟ್ಟ 2019ರ ಸೆಪ್ಟೆಂಬರ್‌ನಿಂದ ಎಲ್ಲರಿಗೂ ಆನ್ ಆಗಿಯೇ ಬರುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಸ್ಟ್ಯಾಂಡರ್ಡ್‌ನಲ್ಲಿ ಸಾಮಾನ್ಯ ಕಿಟಕಿಯಲ್ಲಿ ಟ್ರ್ಯಾಕರ್ ಸ್ಕ್ರಿಪ್ಟ್‌ಗಳು ಹೆಚ್ಚಾಗಿ ಲೋಡ್ ಆಗುತ್ತವೆ, ಕುಕೀ ಮಾತ್ರ ಸಿಗುವುದಿಲ್ಲ. ಖಾಸಗಿ ಕಿಟಕಿಯಲ್ಲಿ ಅಥವಾ ಸ್ಟ್ರಿಕ್ಟ್‌ನಲ್ಲಿ ಕೋರಿಕೆಯೇ ಕತ್ತರಿಸಿಹೋಗುತ್ತದೆ. ನನ್ನ ಸಲಹೆ ಕೇಳಿದರೆ ಸ್ಟ್ರಿಕ್ಟ್. ಆದರೆ ಕೆಟ್ಟ ಪುಟ ಸರಿಮಾಡುವುದು ಹೇಗೆ ಅಂತ ಹಂತ 4 ಓದಿಕೊಂಡ ಮೇಲೆ.

ಸಫಾರಿ: ಸೆಟ್ಟಿಂಗ್ಸ್, ಪ್ರೈವಸಿ, ‘ಪ್ರಿವೆಂಟ್ ಕ್ರಾಸ್-ಸೈಟ್ ಟ್ರ್ಯಾಕಿಂಗ್’. ಅದು ಆನ್ ಆಗಿರುತ್ತದೆ, ಹಾಗೇ ಇರಲಿ. ಐಫೋನ್‌ನಲ್ಲಿ ಇದು ಫೋನಿನ ಸೆಟ್ಟಿಂಗ್ಸ್ ಒಳಗೆ, ಸಫಾರಿ ಹೆಸರಿನ ಕೆಳಗೆ ಇದೆ.

ಎಡ್ಜ್: ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ‘ಟ್ರ್ಯಾಕಿಂಗ್ ಪ್ರಿವೆನ್ಷನ್’. ಬೇಸಿಕ್, ಬ್ಯಾಲೆನ್ಸ್‌ಡ್, ಸ್ಟ್ರಿಕ್ಟ್. ಮೊದಲಿಗೆ ಬ್ಯಾಲೆನ್ಸ್‌ಡ್ ಇರುತ್ತದೆ. ನೀವು ಜಾಸ್ತಿ ಬಳಸುವ ಸೈಟುಗಳ ಕಂಪನಿಗಳ ವಿಷಯದಲ್ಲಿ ಇದು ಸ್ವಲ್ಪ ಸಡಿಲ ಬಿಡುತ್ತದೆ, ಸೈಟ್ ಕೆಡದಿರಲಿ ಅಂತ. ಅದೇ ಕಂಪನಿಗಳ ಮೇಲೆ ನಿಮಗೆ ಅನುಮಾನವಿದ್ದರೆ ಸ್ಟ್ರಿಕ್ಟ್‌ಗೆ ಹೋಗಿ.

ಬ್ರೇವ್: ಏನೂ ಮಾಡಬೇಕಿಲ್ಲ. ‘ಶೀಲ್ಡ್ಸ್’ ಮೊದಲ ದಿನದಿಂದಲೇ ಆನ್. ಸಿಂಹದ ಚಿಹ್ನೆ ಒತ್ತಿದರೆ ಸ್ಟ್ಯಾಂಡರ್ಡ್‌ನಿಂದ ಅಗ್ರೆಸ್ಸಿವ್‌ಗೆ ಏರಿಸಬಹುದು.

ಕ್ರೋಮ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ಹೇಳಿದ್ದಕ್ಕೂ ಆಗಿದ್ದಕ್ಕೂ ದೂರ ಇದೆ. 2020ರ ಜನವರಿಯಲ್ಲಿ ಗೂಗಲ್, ಎರಡು ವರ್ಷದೊಳಗೆ ಕ್ರೋಮ್‌ನಿಂದ ಮೂರನೆಯವರ ಕುಕೀಗಳನ್ನು ತೆಗೆಯುತ್ತೇವೆ ಅಂದಿತು. ಆಮೇಲೆ ಗಡುವು ಮುಂದಕ್ಕೆ ಹೋಯಿತು. ಮತ್ತೆ ಹೋಯಿತು. 2024ರ ಜನವರಿಯಲ್ಲಿ 100ಕ್ಕೆ ಒಬ್ಬ ಬಳಕೆದಾರರಿಗೆ ಕುಕೀ ತಡೆದು ಪರೀಕ್ಷೆಯೂ ನಡೆಯಿತು. ಅದೇ ವರ್ಷ ಜುಲೈನಲ್ಲಿ ‘ತೆಗೆಯುವುದಿಲ್ಲ, ನಿಮ್ಮನ್ನೇ ಕೇಳುತ್ತೇವೆ’ ಅಂದರು. 2025ರ ಏಪ್ರಿಲ್‌ನಲ್ಲಿ ಆ ಕೇಳುವ ಕಿಟಕಿಯೂ ಬೇಡ ಅಂತ ಕೈಬಿಟ್ಟರು. ಹೀಗಾಗಿ ಇವತ್ತಿಗೂ ಕ್ರೋಮ್‌ನ ಸಾಮಾನ್ಯ ಕಿಟಕಿಯಲ್ಲಿ ಮೂರನೆಯವರ ಕುಕೀ ತಾನಾಗಿ ನಿಲ್ಲುವುದಿಲ್ಲ. ನೀವೇ ಹೋಗಿ ನಿಲ್ಲಿಸಬೇಕು: ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಥರ್ಡ್-ಪಾರ್ಟಿ ಕುಕೀಸ್, ಅಲ್ಲಿ ‘ಬ್ಲಾಕ್’ ಆಯ್ಕೆ. ನೆನಪಿರಲಿ, ಇದು ಎರಡನೆಯ ಬಗೆಯ ತಡೆ. ಸ್ಕ್ರಿಪ್ಟ್ ಬಂದೇ ಬರುತ್ತದೆ. ಅದನ್ನೂ ನಿಲ್ಲಿಸಬೇಕಾದರೆ ಎಕ್ಸ್‌ಟೆನ್ಷನ್ ಬೇಕು. ಕ್ರೋಮ್ ಎಕ್ಸ್‌ಟೆನ್ಷನ್‌ಗಳ ನಿಯಮ ಬದಲಾದ ಮೇಲೆ ಅಲ್ಲಿ ಸಿಗುವುದು ಯುಬ್ಲಾಕ್ ಆರಿಜಿನ್ ಲೈಟ್, ಅಂದರೆ ಸ್ವಲ್ಪ ಕೈ ಕಟ್ಟಿದ ಆವೃತ್ತಿ. ಪೂರ್ತಿ ಆವೃತ್ತಿ ಫೈರ್‌ಫಾಕ್ಸ್‌ನಲ್ಲಿ ಓಡುತ್ತದೆ, ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ನಲ್ಲೂ.

ಹಾಗಾದರೆ ಕ್ರೋಮ್‌ನ ಖಾಸಗಿ ಕಿಟಕಿ, ಇನ್‌ಕಾಗ್ನಿಟೋ ಇದೆಯಲ್ಲ ಅಂತ ಕೇಳಬಹುದು. ಅಲ್ಲಿ ಮೂರನೆಯವರ ಕುಕೀ ನಿಲ್ಲುತ್ತದೆ, ನಿಜ. ಆದರೆ ಇನ್‌ಕಾಗ್ನಿಟೋ ಮುಖ್ಯವಾಗಿ ಮುಚ್ಚಿಡುವುದು ಅದೇ ಕಂಪ್ಯೂಟರ್ ಬಳಸುವ ಮನೆಯವರಿಂದ, ಸೈಟುಗಳಿಂದ ಅಲ್ಲ. ಈ ಗೊಂದಲ ಅಮೆರಿಕದಲ್ಲಿ ಕೋರ್ಟಿನವರೆಗೂ ಹೋಯಿತು. 2020ರಲ್ಲಿ ಗೂಗಲ್ ಮೇಲೆ ಹೂಡಿದ ಆ ದಾವೆ 2024ರಲ್ಲಿ ರಾಜಿಯಲ್ಲಿ ಮುಗಿಯಿತು. ನೀವು ಭೇಟಿ ಕೊಡುವ ಸೈಟುಗಳೂ ಅವು ಬಳಸುವ ಸೇವೆಗಳೂ, ಗೂಗಲ್ ಸೇರಿದಂತೆ, ಮಾಹಿತಿ ಸಂಗ್ರಹಿಸುವ ರೀತಿ ಇದರಿಂದ ಬದಲಾಗುವುದಿಲ್ಲ ಅಂತ ಇನ್‌ಕಾಗ್ನಿಟೋದ ಮೊದಲ ಪುಟದಲ್ಲೇ ಬರೆಯಬೇಕಾಯಿತು. ಒಂದು ಪುಟದ ಎರಡು ಸಾಲು ಬದಲಾಗಲು ನಾಲ್ಕು ವರ್ಷ!

ಹಂತ 2: ಗುರಾಣಿ ಒತ್ತಿ, ಒಳಗೆ ಓದಿ

ಈಗ ಜಾಹೀರಾತು ತುಂಬಿದ ಯಾವುದಾದರೂ ಸುದ್ದಿ ಪುಟ ತೆರೆಯಿರಿ. ಫೈರ್‌ಫಾಕ್ಸ್‌ನಲ್ಲಿ ವಿಳಾಸ ಪಟ್ಟಿಯ ಎಡಗಡೆ ಇರುವ ಗುರಾಣಿ, ಬ್ರೇವ್‌ನಲ್ಲಿ ಸಿಂಹ, ಎಡ್ಜ್‌ನಲ್ಲಿ ಬೀಗದ ಚಿಹ್ನೆ, ಸಫಾರಿಯಲ್ಲಿ ವಿಳಾಸ ಪಟ್ಟಿಯ ಮೆನು. ಕ್ರೋಮ್‌ನಲ್ಲಿ ಕುಕೀ ತಡೆದಿದ್ದರೆ ಕೆಲವು ಸೈಟುಗಳಲ್ಲಿ ವಿಳಾಸ ಪಟ್ಟಿಯ ಬಲಗಡೆ ಒಂದು ಕಣ್ಣಿನ ಚಿಹ್ನೆ ಕಾಣುತ್ತದೆ.

ಫೈರ್‌ಫಾಕ್ಸ್ ತಡೆದದ್ದನ್ನು ಗುಂಪು ಮಾಡಿ ತೋರಿಸುತ್ತದೆ. ಸೈಟುಗಳನ್ನು ದಾಟುವ ಕುಕೀಗಳು, ಸೋಷಿಯಲ್ ಮೀಡಿಯಾ ಟ್ರ್ಯಾಕರ್‌ಗಳು, ಫಿಂಗರ್‌ಪ್ರಿಂಟರ್‌ಗಳು, ನಿಮ್ಮ ಕಂಪ್ಯೂಟರ್‌ನ ಶಕ್ತಿ ಕದ್ದು ನಾಣ್ಯ ಗಣಿ ಮಾಡುವ ಕ್ರಿಪ್ಟೋಮೈನರ್‌ಗಳು, ಟ್ರ್ಯಾಕಿಂಗ್ ಕಂಟೆಂಟ್ ಅಂದರೆ ಟ್ರ್ಯಾಕರ್ ಅಡಗಿರುವ ಜಾಹೀರಾತು, ವಿಡಿಯೋದಂಥ ಸಾಮಾನು. ಪ್ರತಿ ಗುಂಪನ್ನೂ ಒತ್ತಿದರೆ ಒಳಗೆ ಸರ್ವರ್ ಹೆಸರುಗಳು ಬರುತ್ತವೆ. ತಡೆಯದೆ ಬಿಟ್ಟದ್ದೂ ಅದೇ ಫಲಕದಲ್ಲಿ ಇರುತ್ತದೆ. ಅದನ್ನು ನೋಡಿ. ತಡೆದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು ವಿಷಯ ಹೇಳುತ್ತದೆ.

ಹೆಸರು ನೋಡುವಾಗ ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ನಾನು ತೆರೆದ ಸೈಟಿನವರದೇ? ಅಲ್ಲದಿದ್ದರೆ, ಇದೇ ಹೆಸರು ನಿನ್ನೆ ಬೇರೆ ಸೈಟಿನಲ್ಲೂ ಕಂಡಿತ್ತಾ? ಎರಡನೆಯದಕ್ಕೆ ‘ಹೌದು’ ಅಂತಾದರೆ ನಿಮ್ಮ ಹಿಂದೆ ಬರುತ್ತಿರುವವರು ಯಾರು ಅಂತ ಗೊತ್ತಾಯಿತು. ಒಂದು ವಾರ ಹೀಗೆ ನೋಡಿದರೆ ಸಾಕು, ನಾಲ್ಕೈದು ಹೆಸರುಗಳು ಬಾಯಿಪಾಠ ಆಗಿಬಿಡುತ್ತವೆ.

ಇನ್ನು ಸಂಖ್ಯೆಗಳ ಮಾತು. ಬ್ರೇವ್ ಹೊಸ ಟ್ಯಾಬ್ ತೆರೆದಾಗಲೆಲ್ಲ ಇಷ್ಟು ಸಾವಿರ ತಡೆದೆ, ಇಷ್ಟು ಡೇಟಾ ಉಳಿಸಿದೆ, ಇಷ್ಟು ಸಮಯ ಉಳಿಸಿದೆ ಅನ್ನುತ್ತದೆ. ಫೈರ್‌ಫಾಕ್ಸ್ ವಾರದ ಕಂಬಗಳ ಚಿತ್ರ ಬಿಡಿಸುತ್ತದೆ. ಸಫಾರಿ 30 ದಿನಗಳ ವರದಿ ಕೊಡುತ್ತದೆ. ನೋಡಲು ಖುಷಿಯೇ. ಆದರೆ ಒಂದು ಬ್ರೌಸರ್‌ನ ಸಂಖ್ಯೆಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಬೇಡಿ. ಒಂದು ಕತ್ತರಿಸಿದ ಕೋರಿಕೆಗಳನ್ನು ಎಣಿಸುತ್ತದೆ, ಇನ್ನೊಂದು ಟ್ರ್ಯಾಕರ್ ಹೆಸರುಗಳನ್ನು. ಉಳಿಸಿದ ಸಮಯ, ಉಳಿಸಿದ ಡೇಟಾ ಅನ್ನುವುದು ಅಂದಾಜು ಲೆಕ್ಕ. ಕೆಲವು ಸ್ಕ್ರಿಪ್ಟ್‌ಗಳು ಬಾಗಿಲು ಮುಚ್ಚಿದ ಮೇಲೂ ಕ್ಷಣಕ್ಕೊಮ್ಮೆ ಬಡಿಯುತ್ತಲೇ ಇರುತ್ತವೆ, ಪ್ರತಿ ಬಡಿತವೂ ಲೆಕ್ಕಕ್ಕೆ ಸೇರುತ್ತದೆ. ಒಂದು ಟ್ಯಾಬ್ ತೆರೆದಿಟ್ಟು ಮಲಗಿದರೆ ಬೆಳಗ್ಗೆ ಸಂಖ್ಯೆ ಸಾವಿರ ದಾಟಿರಬಹುದು. ನೀವೇನೂ ಸಾವಿರ ಪಟ್ಟು ಸುರಕ್ಷಿತರಾಗಿಲ್ಲ.

ಸೊನ್ನೆ ಕಂಡರೂ ಅಷ್ಟೇ. ಪುಟದಲ್ಲಿ ಟ್ರ್ಯಾಕರ್ ಇಲ್ಲದೆ ಇರಬಹುದು. ಅಥವಾ ಇರುವ ಟ್ರ್ಯಾಕರ್ ಪಟ್ಟಿಯಲ್ಲಿ ಇಲ್ಲದೆ ಇರಬಹುದು. ಅಥವಾ ನಿಮ್ಮ ಎಕ್ಸ್‌ಟೆನ್ಷನ್ ಬ್ರೌಸರ್‌ಗಿಂತ ಮೊದಲೇ ಅದನ್ನು ಹಿಡಿದು ಮುಗಿಸಿರಬಹುದು. ಆಗ ಗುರಾಣಿಗೆ ಎಣಿಸಲು ಏನೂ ಉಳಿದಿರುವುದಿಲ್ಲ.

ಹಂತ 3: ಅನುಮಾನ ಇದ್ದರೆ ಮುಚ್ಚಳ ತೆಗೆದು ನೋಡಿ

ಕಂಪ್ಯೂಟರ್‌ನಲ್ಲಿ ಎಫ್12 ಕೀ ಒತ್ತಿ (ಸಫಾರಿಯಲ್ಲಿ ಈ ಕೀ ನಡೆಯುವುದಿಲ್ಲ). ಭಯ ಬೇಡ, ನೋಡಿದರೆ ಏನೂ ಕೆಡುವುದಿಲ್ಲ. ‘ನೆಟ್‌ವರ್ಕ್’ ಟ್ಯಾಬ್‌ಗೆ ಹೋಗಿ ಪುಟವನ್ನು ಮತ್ತೆ ಲೋಡ್ ಮಾಡಿ. ಆ ಪುಟ ಯಾರ ಯಾರ ಹತ್ತಿರ ಏನೇನು ಕೇಳಿತು ಅನ್ನುವ ಪೂರ್ತಿ ಪಟ್ಟಿ ಸಾಲು ಸಾಲಾಗಿ ಇಳಿಯುತ್ತದೆ. ಮೊದಲ ಸಲ ನೋಡಿದಾಗ ನನಗೆ ತಲೆ ತಿರುಗಿತ್ತು. ಒಂದು ಲೇಖನ ಓದಲು ಇಷ್ಟು ಜನರ ಹತ್ತಿರ ಹೋಗಬೇಕಾ ಅಂತ.

ಕತ್ತರಿಸಿದ ಕೋರಿಕೆಗಳ ಮುಂದೆ ಬ್ಲಾಕ್ ಆಗಿದೆ ಅಂತ ಇರುತ್ತದೆ. ಹೋಗಿಬಂದ ಕೋರಿಕೆಗಳ ಮುಂದೆ ಬಂದ ಡೇಟಾದ ಗಾತ್ರ ಇರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಟ್ರ್ಯಾಕರ್ ಅಂತ ಗೊತ್ತಿದ್ದೂ ಲೋಡ್ ಆಗಲು ಬಿಟ್ಟ ಸರ್ವರ್ ಹೆಸರಿನ ಪಕ್ಕ ಪುಟ್ಟ ಗುರುತು ಹಾಕಿರುತ್ತಾರೆ. ಮೇಲೆ ಹೇಳಿದ ಒಂದನೆಯ ಬಗೆ, ಎರಡನೆಯ ಬಗೆ ಬೇರೆ ಬೇರೆಯಾಗಿ ಕಣ್ಣಿಗೆ ಕಾಣುವುದು ಇಲ್ಲೇ.

ಪಕ್ಕದ ‘ಕನ್ಸೋಲ್’ ಟ್ಯಾಬ್‌ನಲ್ಲಿ ಬ್ರೌಸರ್ ಸೈಟ್ ಕಟ್ಟುವವರಿಗೆ ಬರೆದ ಚೀಟಿಗಳಿರುತ್ತವೆ. ಫೈರ್‌ಫಾಕ್ಸ್ ಇಲ್ಲಿ ತುಂಬಾ ಪ್ರಾಮಾಣಿಕ. ‘ಇದು ಟ್ರ್ಯಾಕರ್‌ನಿಂದ ಬಂದಿದ್ದರಿಂದ ಕುಕೀ ಕೊಡಲಿಲ್ಲ’ ಅಂತ ಒಂದು ಚೀಟಿ. ‘ಇದು ಮೂರನೆಯವರದು, ಹಾಗಾಗಿ ಬೇರೆ ಡಬ್ಬಿ ಕೊಟ್ಟಿದ್ದೇನೆ’ ಅನ್ನುವ ಅರ್ಥದ ಇನ್ನೊಂದು ಚೀಟಿ. ಗುರಾಣಿಯ ಫಲಕ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದನ್ನು ಕನ್ಸೋಲ್ ಬಿಡಿಸಿ ಹೇಳುತ್ತದೆ. ಇಂಗ್ಲಿಷಿನಲ್ಲಿ ಇರುತ್ತದೆ, ವಾಕ್ಯಗಳೂ ಉದ್ದ. ಆದರೂ ಪುಟ ಯಾಕೆ ಕೆಟ್ಟಿತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇರೆಲ್ಲೂ ಸಿಗದು.

ಹಂತ 4: ಪುಟ ಕೆಟ್ಟರೆ

ಸ್ಟ್ರಿಕ್ಟ್ ಮಟ್ಟಕ್ಕೆ ಹೋದವರಿಗೆ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ. ಲಕ್ಷಣಗಳು ಹೆಚ್ಚಾಗಿ ಇವೇ: ಬೇರೆ ಖಾತೆಯ ಮೂಲಕ ಲಾಗಿನ್ ಆಗುವ ಬಟನ್ ಒತ್ತಿದರೆ ಸುಮ್ನೆ ಇರುತ್ತದೆ, ಪುಟದೊಳಗಿನ ವಿಡಿಯೋ ಜಾಗ ಖಾಲಿ, ‘ನೀವು ರೋಬಾಟ್ ಅಲ್ಲ ಅಂತ ತೋರಿಸಿ’ ಎಂಬ ಪೆಟ್ಟಿಗೆ ಮುಗಿಯುವುದೇ ಇಲ್ಲ, ಹಣ ಕಟ್ಟುವ ಕಿಟಕಿ ತೆರೆದು ಮುಚ್ಚಿಹೋಗುತ್ತದೆ.

ಯಾಕೆ ಹೀಗೆ? ಸೈಟಿನ ಸ್ವಂತ ಸ್ಕ್ರಿಪ್ಟ್ ಕೆಲವು ಸಲ ಟ್ರ್ಯಾಕರ್ ಸ್ಕ್ರಿಪ್ಟ್‌ಗಾಗಿ ಕಾಯುತ್ತಾ ಕೂತಿರುತ್ತದೆ. ‘ಲೆಕ್ಕ ಬರೆದಾಯಿತು’ ಅಂತ ಅದು ಹೇಳಿದ ಮೇಲೆಯೇ ಇದು ಮುಂದಿನ ಹೆಜ್ಜೆ ಇಡುವುದು. ಟ್ರ್ಯಾಕರ್ ಬಾರದೇ ಇದ್ದರೆ ಇದು ಅಲ್ಲೇ ನಿಂತುಬಿಡುತ್ತದೆ. ನನ್ನ ಅರ್ಜಿಯ ಬಟನ್ ಸತ್ತದ್ದೂ ಇದೇ ಕಾರಣಕ್ಕೆ. ಫೈರ್‌ಫಾಕ್ಸ್ ಇದಕ್ಕೆ 2021ರಲ್ಲಿ ‘ಸ್ಮಾರ್ಟ್‌ಬ್ಲಾಕ್’ ಅಂತ ಒಂದು ಉಪಾಯ ಮಾಡಿತು. ಹೆಸರುವಾಸಿ ಟ್ರ್ಯಾಕರ್ ಸ್ಕ್ರಿಪ್ಟ್‌ಗಳ ಜಾಗದಲ್ಲಿ ಒಂದು ಬೊಂಬೆ ಸ್ಕ್ರಿಪ್ಟ್ ನಿಲ್ಲಿಸುತ್ತದೆ. ಅದು ಕೇಳಿದ್ದಕ್ಕೆಲ್ಲ ‘ಹ್ಞೂಂ, ಆಯಿತು’ ಅನ್ನುತ್ತದೆ, ಯಾರಿಗೂ ಏನೂ ಕಳಿಸುವುದಿಲ್ಲ. ಪುಟ ಸಮಾಧಾನವಾಗಿ ಮುಂದೆ ಹೋಗುತ್ತದೆ. ಆದರೆ ಎಲ್ಲ ಸ್ಕ್ರಿಪ್ಟ್‌ಗೂ ಬೊಂಬೆ ಮಾಡಲು ಆಗುವುದಿಲ್ಲವಲ್ಲ.

ಸರಿಮಾಡುವ ಕ್ರಮ ಹೀಗಿರಲಿ. ಮೊದಲು ತುಂಬಿದ ವಿವರಗಳನ್ನು ಎಲ್ಲಾದರೂ ಕಾಪಿ ಮಾಡಿಟ್ಟುಕೊಳ್ಳಿ, ಏಕೆಂದರೆ ಪುಟ ಮತ್ತೆ ಲೋಡ್ ಆಗುತ್ತದೆ. ಆಮೇಲೆ ಗುರಾಣಿ ಒತ್ತಿ, ಈ ಸೈಟಿಗೆ ಮಾತ್ರ ತಡೆ ಆಫ್ ಮಾಡಿ. ಪುಟ ಸರಿಹೋಯಿತಾ ನೋಡಿ. ಸರಿಹೋದರೆ ಕೆಲಸ ಮುಗಿಸಿ, ಗುರಾಣಿ ಮತ್ತೆ ಆನ್ ಮಾಡಿ. ಸರಿಹೋಗದಿದ್ದರೆ ಎಕ್ಸ್‌ಟೆನ್ಷನ್ ಇದ್ದರೆ ಅದನ್ನೂ ಆ ಸೈಟಿಗೆ ಮಾತ್ರ ಆಫ್ ಮಾಡಿ. ಎರಡೂ ಆಫ್ ಆದ ಮೇಲೂ ಕೆಡುತ್ತಿದ್ದರೆ ತಪ್ಪು ತಡೆಯದ್ದಲ್ಲ, ಸೈಟಿನದೇ. ಎರಡನ್ನೂ ಮತ್ತೆ ಆನ್ ಮಾಡಿಬಿಡಿ.

ಇಡೀ ಬ್ರೌಸರ್‌ನ ಮಟ್ಟ ಇಳಿಸುವ ಆಸೆಗೆ ಬೀಳಬೇಡಿ. ಮತ್ತೆ ಏರಿಸಲು ನೆನಪಾಗುವುದಿಲ್ಲ. ನನ್ನ ಎಡ್ಜ್ ಮೂರು ತಿಂಗಳು ಬೇಸಿಕ್‌ನಲ್ಲೇ ಕೂತಿತ್ತು, ಒಂದು ವಿಡಿಯೋ ನೋಡುವ ಸಲುವಾಗಿ.

ಫೈರ್‌ಫಾಕ್ಸ್‌ನ ಗುರಾಣಿ ಫಲಕದಲ್ಲಿ ‘ಸೈಟ್ ಕೆಟ್ಟಿದೆ’ ಅಂತ ವರದಿ ಕಳಿಸುವ ಕೊಂಡಿಯೂ ಇದೆ. ಹೊಸ ಬೊಂಬೆಗಳು ಹುಟ್ಟಲು ಇಂಥ ವರದಿಗಳು ಸಹಾಯ ಮಾಡುತ್ತವೆ. ಒಂದು ನಿಮಿಷದ ಕೆಲಸ.

ಹಂತ 5: ಸೈಟಿಗೆ ಹೇಳುವ ಮಾತು

ಇದುವರೆಗೆ ನೋಡಿದ್ದು ಬ್ರೌಸರ್ ನಮ್ಮ ಜೊತೆ ಆಡುವ ಮಾತು. ಸೈಟಿನ ಜೊತೆಗೂ ಅದು ಮಾತಾಡುತ್ತದೆ. ಆ ಮಾತಿನ ಇತಿಹಾಸ ಸ್ವಲ್ಪ ನಗೆಪಾಟಲಿನದು.

2009ರ ಸುಮಾರಿಗೆ ‘ಡು ನಾಟ್ ಟ್ರ್ಯಾಕ್’ ಅನ್ನುವ ಯೋಚನೆ ಬಂತು. ಪ್ರತಿ ಕೋರಿಕೆಯ ಜೊತೆ ಬ್ರೌಸರ್ ‘ನನ್ನನ್ನು ಹಿಂಬಾಲಿಸಬೇಡಿ’ ಅಂತ ಒಂದು ಸಾಲು ಸೇರಿಸುತ್ತದೆ. ಪಾಲಿಸುವುದು ಬಿಡುವುದು ಸೈಟಿನ ಇಷ್ಟ! 2012ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 10 ಇದನ್ನು ತಾನಾಗಿಯೇ ಆನ್ ಮಾಡಿ ಬಿಟ್ಟಾಗ ಜಾಹೀರಾತಿನವರಿಗೆ ನೆಪ ಸಿಕ್ಕಿತು. ‘ಇದು ಬಳಕೆದಾರರ ಆಯ್ಕೆಯೇ ಅಲ್ಲ’ ಅಂದರು. ಪಾಲಿಸಿದವರು ಬೆರಳೆಣಿಕೆ ಮಂದಿ. 2019ರ ಹೊತ್ತಿಗೆ ಇದರ ಮಾನದಂಡ ಬರೆಯುತ್ತಿದ್ದ ಗುಂಪು ಬಾಗಿಲು ಹಾಕಿತು. ಅದೇ ವರ್ಷ ಸಫಾರಿ ಈ ಆಯ್ಕೆ ಕಿತ್ತುಹಾಕಿತು. ‘ಹಿಂಬಾಲಿಸಬೇಡಿ’ ಅನ್ನುವ ಸಾಲೇ ಗುರುತು ಹಚ್ಚಲು ಒಂದು ಸುಳಿವಾಗಬಹುದು ಅನ್ನುವುದು ಅವರ ಕಾರಣ. 2025ರಲ್ಲಿ ಫೈರ್‌ಫಾಕ್ಸ್ ಕೂಡ ತೆಗೆಯಿತು. ನಿಮ್ಮ ಬ್ರೌಸರ್‌ನಲ್ಲಿ ಇನ್ನೂ ಈ ಆಯ್ಕೆ ಕಂಡರೆ ಅದರ ಮೇಲೆ ಭರವಸೆ ಇಡಬೇಡಿ.

ಅದರ ಜಾಗಕ್ಕೆ 2020ರಲ್ಲಿ ಬಂದದ್ದು ಗ್ಲೋಬಲ್ ಪ್ರೈವಸಿ ಕಂಟ್ರೋಲ್, ಅಂದರೆ ಜಿಪಿಸಿ. ಇದೂ ಒಂದು ಸಾಲೇ. ಆದರೆ ಅರ್ಥ ಬೇರೆ: ‘ನನ್ನ ಮಾಹಿತಿಯನ್ನು ಮಾರಬೇಡಿ, ಹಂಚಬೇಡಿ.’ ಇದರ ಹಿಂದೆ ಕಾನೂನಿನ ಬಲ ಇದೆ, ಎಲ್ಲ ಕಡೆ ಅಲ್ಲ, ಕೆಲವು ಕಡೆ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಪಾಲಿಸಲೇಬೇಕು. 2022ರಲ್ಲಿ ಅಲ್ಲಿನ ಅಟಾರ್ನಿ ಜನರಲ್ ಸೌಂದರ್ಯ ಸಾಮಗ್ರಿ ಮಾರುವ ಸೆಫೋರಾ ಮೇಲೆ ಕ್ರಮ ಕೈಗೊಂಡಾಗ, ಈ ಸೂಚನೆಯನ್ನು ಲೆಕ್ಕಿಸಲಿಲ್ಲ ಅನ್ನುವುದೂ ಆರೋಪದಲ್ಲಿ ಸೇರಿತ್ತು. ಆ ಕಂಪನಿ 12 ಲಕ್ಷ ಡಾಲರ್ ಕೊಡಲು ಒಪ್ಪಿತು.

ಆನ್ ಮಾಡುವುದು ಸುಲಭ. ಬ್ರೇವ್‌ನಲ್ಲಿ, ಡಕ್‌ಡಕ್‌ಗೋ ಬ್ರೌಸರ್‌ನಲ್ಲಿ ಮೊದಲೇ ಆನ್ ಇರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ ಒಳಗೆ, ನನ್ನ ಮಾಹಿತಿ ಮಾರಬೇಡಿ ಅಂತ ಸೈಟುಗಳಿಗೆ ಹೇಳುವ ಪೆಟ್ಟಿಗೆಗೆ ಗುರುತು ಹಾಕಿ. 2023ರ ನವೆಂಬರ್‌ನಿಂದ ಇದು ಅಲ್ಲಿದೆ. ಆ ಕಾನೂನು ಇಲ್ಲದ ಕಡೆ ಇರುವವರಿಗೆ ಇದರಿಂದ ಎಷ್ಟು ಲಾಭ? ಸೈಟ್ ಒಳ್ಳೆಯದಾದರೆ ಲಾಭ. ಬೇಲಿಯ ಮೇಲೆ ‘ಒಳಗೆ ಬರಬೇಡಿ’ ಅಂತ ಹಲಗೆ ಹಾಕಿದ ಹಾಗೆ. ಬೇಲಿ ಮಾತ್ರ ಹಂತ 1ರಲ್ಲಿ ಕಟ್ಟಿದ್ದೇ.

ಗುರಾಣಿ ಹೇಳದೆ ಉಳಿಸುವ ವಿಷಯಗಳು

ಫಿಂಗರ್‌ಪ್ರಿಂಟಿಂಗ್ ಇದರಲ್ಲಿ ದೊಡ್ಡದು. ನಿಮ್ಮ ಪರದೆಯ ಅಳತೆ, ಇರುವ ಫಾಂಟ್‌ಗಳು, ಗ್ರಾಫಿಕ್ಸ್ ಚಿಪ್ ಚಿತ್ರ ಬಿಡಿಸುವ ರೀತಿ, ಸಮಯ ವಲಯ, ಭಾಷೆ, ಇದನ್ನೆಲ್ಲ ಕೂಡಿಸಿದರೆ ಕುಕೀ ಇಲ್ಲದೆಯೂ ಗುರುತು ಸಿಗುತ್ತದೆ. ಗೊತ್ತಿರುವ ಫಿಂಗರ್‌ಪ್ರಿಂಟರ್ ಸ್ಕ್ರಿಪ್ಟ್ ಆದರೆ ಬ್ರೌಸರ್ ಪಟ್ಟಿ ನೋಡಿ ತಡೆದು ಎಣಿಸುತ್ತದೆ. ಗೊತ್ತಿಲ್ಲದ್ದಾದರೆ ಎಣಿಸಲು ಏನಿದೆ? ಸ್ಕ್ರಿಪ್ಟ್ ಪರದೆಯ ಅಳತೆ ಕೇಳಿದ್ದು ಪುಟ ಹೊಂದಿಸಲೋ ನಿಮ್ಮನ್ನು ಗುರುತಿಸಲೋ ಅಂತ ಬ್ರೌಸರ್‌ಗೆ ತಿಳಿಯುವುದಿಲ್ಲ. ಹಾಗಾಗಿ ಅವು ಬೇರೆ ದಾರಿ ಹಿಡಿದಿವೆ. ಬ್ರೇವ್ ಕೆಲವು ಉತ್ತರಗಳಲ್ಲಿ ಬೇಕೆಂದೇ ಸ್ವಲ್ಪ ಏರುಪೇರು ಮಾಡಿ ಪ್ರತಿ ಸೈಟಿಗೂ ಬೇರೆ ಮುಖ ತೋರಿಸುತ್ತದೆ. ಟಾರ್ ಬ್ರೌಸರ್ ಇದರ ಉಲ್ಟಾ, ಎಲ್ಲ ಬಳಕೆದಾರರನ್ನೂ ಒಂದೇ ಥರ ಕಾಣಿಸುತ್ತದೆ. ಇದೆಲ್ಲ ಸದ್ದಿಲ್ಲದೆ ನಡೆಯುವುದರಿಂದ ಯಾವ ಸಂಖ್ಯೆಯಲ್ಲೂ ಕಾಣುವುದಿಲ್ಲ.

ನಿಮ್ಮ ಬ್ರೌಸರ್ ಹೇಗಿದೆ ಅಂತ ನೋಡಲು, ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನ ‘ಕವರ್ ಯುವರ್ ಟ್ರ್ಯಾಕ್ಸ್’ ಪರೀಕ್ಷೆ ಇದೆ. 2010ರಲ್ಲಿ ‘ಪ್ಯಾನಾಪ್ಟಿಕ್ಲಿಕ್’ ಅಂತ ಶುರುವಾದದ್ದು. ಒಂದು ಬಟನ್ ಒತ್ತಿ ಕಾಯಿರಿ. ಹೊರಗೆ ಕಾಣುವ ನಿಮ್ಮ ಗುರುತುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತದೆ. ಫಲಿತಾಂಶ ನೋಡಿ ಗಾಬರಿಯಾಗಿ ಹತ್ತು ಎಕ್ಸ್‌ಟೆನ್ಷನ್ ಹಾಕಬೇಡಿ. ಜಾಸ್ತಿ ಹಾಕಿದಷ್ಟೂ ನಿಮ್ಮ ಬ್ರೌಸರ್ ಉಳಿದವರದ್ದಕ್ಕಿಂತ ಬೇರೆಯಾಗಿ ಎದ್ದು ಕಾಣುತ್ತದೆ. ಒಂದು ಒಳ್ಳೆಯದು ಸಾಕು.

ಇನ್ನೊಂದು ಉಪಾಯ ಮಾರುವೇಷದ್ದು. ಟ್ರ್ಯಾಕರ್ ಕಂಪನಿ ತನ್ನ ಸರ್ವರ್‌ಗೆ ಸೈಟಿನದೇ ಉಪಹೆಸರು ಕೊಡಿಸಿಕೊಳ್ಳುತ್ತದೆ. ಬ್ರೌಸರ್ ನೋಡಿದರೆ ಮನೆಯವರ ಹಾಗೆ ಕಾಣುತ್ತದೆ. ಇದನ್ನು ಹಿಡಿಯಲು ಹೆಸರಿನ ಹಿಂದಿನ ನಿಜವಾದ ಹೆಸರು ಹುಡುಕಬೇಕು. ಬ್ರೇವ್ ಹುಡುಕುತ್ತದೆ, ಫೈರ್‌ಫಾಕ್ಸ್‌ನಲ್ಲಿ ಓಡುವ ಯುಬ್ಲಾಕ್ ಆರಿಜಿನ್ ಕೂಡ. ಸಫಾರಿ ಅಂಥ ಕುಕೀಗಳ ಆಯಸ್ಸನ್ನು 7 ದಿನಕ್ಕೆ ಇಳಿಸುತ್ತದೆ.

ಲಿಂಕ್‌ನ ಬಾಲದಲ್ಲಿ ಬರುವ ಗುರುತೂ ಇದೆ. ಯಾರೋ ಕಳಿಸಿದ ಲಿಂಕ್‌ನ ಕೊನೆಯಲ್ಲಿ ಪ್ರಶ್ನೆ ಚಿಹ್ನೆ, ಅದರ ಹಿಂದೆ ಅರ್ಥವಾಗದ ಅಕ್ಷರಗಳ ಮಾಲೆ ನೋಡಿರುತ್ತೀರಿ ಅಲ್ವಾ? ಫೇಸ್‌ಬುಕ್‌ನಿಂದ ಬಂದ ಲಿಂಕ್‌ಗೆ ಅಂಟಿರುವ ಎಫ್‌ಬಿಕ್ಲಿಡ್ ಅಂಥದ್ದು. ಸ್ಟ್ರಿಕ್ಟ್ ಮಟ್ಟದ ಫೈರ್‌ಫಾಕ್ಸ್, ಖಾಸಗಿ ಕಿಟಕಿಯ ಸಫಾರಿ ಇದನ್ನು ಕತ್ತರಿಸುತ್ತವೆ. ಫೈರ್‌ಫಾಕ್ಸ್‌ನಲ್ಲಿ ಲಿಂಕ್ ಮೇಲೆ ಮೌಸ್‌ನ ಬಲ ಬಟನ್ ಒತ್ತಿದರೆ ಬಾಲವಿಲ್ಲದ ಲಿಂಕ್ ಕಾಪಿ ಮಾಡುವ ಆಯ್ಕೆ ಸಿಗುತ್ತದೆ. ಬೇರೆಯವರಿಗೆ ಕಳಿಸುವಾಗ ಅದನ್ನೇ ಬಳಸಿ.

ಇನ್ನು ನೀವೇ ಲಾಗಿನ್ ಆಗಿರುವ ಸೈಟ್ ಆ ಸೈಟಿನೊಳಗೆ ನೀವು ಮಾಡುವುದನ್ನು ನೋಡುವುದಕ್ಕೆ ಯಾವ ಗುರಾಣಿಯೂ ಅಡ್ಡ ಬರುವುದಿಲ್ಲ. ಅಲ್ಲಿ ಮೂರನೆಯವರೇ ಇಲ್ಲ.

ತಿಂಗಳಿಗೊಮ್ಮೆ ಐದು ನಿಮಿಷ

ಹಂತ 4ರಲ್ಲಿ ‘ಈ ಸೈಟಿಗೆ ಮಾತ್ರ ಆಫ್’ ಮಾಡಿದ್ದೆಲ್ಲ ಒಂದು ಪಟ್ಟಿಯಲ್ಲಿ ಕೂತಿರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಟ್ರ್ಯಾಕಿಂಗ್ ಪ್ರೊಟೆಕ್ಷನ್ ಪಕ್ಕದ ‘ಮ್ಯಾನೇಜ್ ಎಕ್ಸೆಪ್ಷನ್ಸ್’, ಎಡ್ಜ್‌ನಲ್ಲಿ ಟ್ರ್ಯಾಕಿಂಗ್ ಪ್ರಿವೆನ್ಷನ್ ಕೆಳಗಿನ ‘ಎಕ್ಸೆಪ್ಷನ್ಸ್’, ಕ್ರೋಮ್‌ನಲ್ಲಿ ಥರ್ಡ್-ಪಾರ್ಟಿ ಕುಕೀಸ್ ಪುಟದ ಕೊನೆಯಲ್ಲಿ. ಈ ಬರಹಕ್ಕೆ ಕೂರುವ ಮುಂಚೆ ನನ್ನದನ್ನು ತೆರೆದೆ. ಹನ್ನೊಂದು ಸೈಟುಗಳಿದ್ದವು. ನಾನು ಈಗಲೂ ಬಳಸುವುದು ಎರಡನ್ನು. ಆ ಅರ್ಜಿಯ ಸೈಟ್ ಕೂಡ ಅಲ್ಲೇ ಇತ್ತು, ಗುರಾಣಿ ಆಫ್ ಆಗಿಯೇ.